ಡಿಸ್ಕ್ ಕಮಾಂಡ್‌ಗೆ ಟ್ಯಾಬ್ ಕೈಕೊಟ್ಟಿದೆಯೇ? ದೋಷ ಶೆಲ್‌ನದೋ ಡಿಸ್ಕ್‌ನದೋ ಪತ್ತೆ ಹಚ್ಚುವುದು ಹೀಗೆ

"ಅಣ್ಣಾರ, ಟ್ಯಾಬ್ ಒತ್ತಿದ್ರ ಏನೂ ಬರವಲ್ದು." ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಮಿಲ್‌ಗಳಿಂದ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಇದೂ ಒಂದು. ವೇ ಬ್ರಿಡ್ಜ್, ಬಿಲ್ಲಿಂಗ್, ಕ್ಯಾಮೆರಾ ರೆಕಾರ್ಡಿಂಗ್‌ಗೆ ಅಂತ ಹಳೆ ಡೆಸ್ಕ್‌ಟಾಪ್‌ಗೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿ ಕೊಟ್ಟಿರುತ್ತೇವೆ, ಅಲ್ಲಿರುವ ಹುಡುಗರಿಗೆ ನಾಲ್ಕಾರು ಡಿಸ್ಕ್ ಕಮಾಂಡ್ ಹೇಳಿಕೊಟ್ಟಿರುತ್ತೇವೆ, ಉದ್ದುದ್ದ ಹೆಸರು ಪೂರ್ತಿ ಹೊಡೆಯಬೇಡಿ, ಅರ್ಧ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದು ತಾನೇ ತುಂಬುತ್ತದೆ ಅಂತಲೂ ಹೇಳಿರುತ್ತೇವೆ. ಒಂದು ದಿನ ಆ ಟ್ಯಾಬ್ ಕೈಕೊಡುತ್ತದೆ.

ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಟ್ಯಾಬ್ ಒತ್ತಿದಾಗ ಶೆಲ್ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಸುಮ್ನೆ ಒಂದು ಪಟ್ಟಿ ಓದಿ ಹೇಳುವುದಿಲ್ಲ. ಫೋಲ್ಡರ್ ತೆರೆದು ನೋಡುತ್ತದೆ, ಹಿಂದೆ ಸದ್ದಿಲ್ಲದೆ ಬೇರೆ ಕಮಾಂಡ್ ಓಡಿಸುತ್ತದೆ, ಕೆಲವೊಮ್ಮೆ ಒಂದು ತಾತ್ಕಾಲಿಕ ಫೈಲ್ ಕೂಡ ಬರೆಯುತ್ತದೆ. ಹಾಗಾಗಿ ಡಿಸ್ಕ್ ತುಂಬಿದ್ದರೆ, ಕೆಡುತ್ತಿದ್ದರೆ, ಕೇಬಲ್ ಸಡಿಲವಾಗಿದ್ದರೆ ಮೊದಲ ಏಟು ಎಷ್ಟೋ ಸಲ ಟ್ಯಾಬ್‌ಗೇ ಬೀಳುತ್ತದೆ. ಇನ್ನೆಷ್ಟೋ ಸಲ ಡಿಸ್ಕ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಶೆಲ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು ತಪ್ಪಿರುತ್ತದೆ ಅಷ್ಟೇ. ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಟ್ಯಾಬ್ ಹೇಗೆ ಕೈಕೊಟ್ಟಿತು ಅನ್ನುವುದನ್ನು ಸರಿಯಾಗಿ ನೋಡಬೇಕು.

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಸಣ್ಣ ಇಂಗ್ಲಿಷ್ ಅಕ್ಷರ ಬಳಸಿ, ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಫೋನಿನಲ್ಲೇ ಕೇಳಬೇಕಾದ್ದು

"ಏನೂ ಬರಲ್ಲ" ಅಂದರೆ ನಾಲ್ಕು ಅರ್ಥ ಇರಬಹುದು. ಕರ್ಸರ್ ಒಂದಷ್ಟು ಜಾಗ ಮುಂದಕ್ಕೆ ಹಾರುತ್ತದೆಯೇ? ಕರ್ಸರ್ ಅಲ್ಲೇ ಇದ್ದು, ಬೇಕಾದರೆ ಒಂದು ಬೀಪ್ ಬಂದು, ಸುಮ್ಮನಾಗುತ್ತದೆಯೇ? ಪರದೆ ಮೇಲೆ ಏನಾದರೂ ಎರರ್ ಸಾಲು ಬೀಳುತ್ತದೆಯೇ? ಅಥವಾ ಟರ್ಮಿನಲ್ ಪೂರ್ತಿ ಸಿಕ್ಕಿಹಾಕಿಕೊಂಡು ಬೇರೆ ಅಕ್ಷರವೂ ಮೂಡುವುದಿಲ್ಲವೇ? ಮೊದಲೆರಡಕ್ಕೆ ಮುಕ್ಕಾಲು ಪಾಲು ಶೆಲ್ ಕಾರಣ. ಕೊನೆಯ ಎರಡರಲ್ಲಿ ನನ್ನ ಅನುಮಾನ ನೇರ ಡಿಸ್ಕ್ ಮೇಲೆ ಹೋಗುತ್ತದೆ, ಅಂಥ ಫೋನ್ ಬಂದರೆ ಮೊದಲು "ರೀಸ್ಟಾರ್ಟ್ ಮಾಡಬೇಡಿ ತಮ್ಮಾ" ಅಂತ ಹೇಳಿ ಆಮೇಲೆ ಮುಂದಿನ ಮಾತು. ಕೆಡುತ್ತಿರುವ ಡಿಸ್ಕ್ ರೀಸ್ಟಾರ್ಟ್ ಆದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಅಲ್ವಾ.

ಕರ್ಸರ್ ಮುಂದಕ್ಕೆ ಹಾರಿದರೆ

ಇದು ಎಲ್ಲಕ್ಕಿಂತ ಸುಲಭ. ನೀವು ಮಾಮೂಲಿ ಶೆಲ್ ಆದ ಬ್ಯಾಶ್‌ನಲ್ಲಿ ಇಲ್ಲವೇ ಇಲ್ಲ. ಎಕೋ ಡಾಲರ್ ಸೊನ್ನೆ ಅಂತ ಹೊಡೆಯಿರಿ. ಉತ್ತರ ಎಸ್‌ಎಚ್ ಅಂತ ಬಂದರೆ ಅದು ಡ್ಯಾಶ್ ಶೆಲ್, ಅದಕ್ಕೆ ಟ್ಯಾಬ್ ಅಂದರೆ ಬರೀ ಖಾಲಿ ಜಾಗ. ಡೆಬಿಯನ್‌ನಲ್ಲಿ ಹೊಸ ಬಳಕೆದಾರರನ್ನು ಯೂಸರ್‌ಆಡ್ ಕಮಾಂಡ್‌ನಿಂದ ಸೇರಿಸಿ, ಶೆಲ್ ಯಾವುದು ಅಂತ ಹೇಳದೆ ಬಿಟ್ಟರೆ ಹೀಗಾಗುತ್ತದೆ. ಆಡ್‌ಯೂಸರ್ ಬಳಸಿದ್ದರೆ ಆಗುತ್ತಿರಲಿಲ್ಲ, ಅದು ತಾನೇ ಬ್ಯಾಶ್ ಕೊಡುತ್ತದೆ. ಸಿಎಚ್‌ಎಸ್‌ಎಚ್ ಮೈನಸ್ ಎಸ್ /ಬಿನ್/ಬ್ಯಾಶ್ ಅಂತ ಕೊಟ್ಟು ಲಾಗ್‌ಔಟ್ ಆಗಿ ಮತ್ತೆ ಬನ್ನಿ, ಮುಗಿಯಿತು.

ಸುಮ್ಮನಾದರೆ

ಯಾವ ಪದದ ಹತ್ತಿರ ಸುಮ್ಮನಾಯಿತು ಅನ್ನುವುದು ಇಲ್ಲಿ ಮುಖ್ಯ. ಸ್ಮಾರ್ಟ್ ಅಂತ ಹೊಡೆದು ಟ್ಯಾಬ್ ಒತ್ತಿದಾಗ ಸ್ಮಾರ್ಟ್‌ಸಿಟಿಎಲ್ (ಡಿಸ್ಕ್‌ನ ಆರೋಗ್ಯ ನೋಡುವ ಕಮಾಂಡ್) ಅಂತ ಪೂರ್ತಿ ಆಗಲಿಲ್ಲ ಅಂದರೆ ಒಂದೋ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಲ್ಲ, ಇಲ್ಲವೇ ಅದು ಇರುವ ಫೋಲ್ಡರ್ ನಿಮ್ಮ ಪಾತ್‌ನಲ್ಲಿ, ಅಂದರೆ ಶೆಲ್ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಇಲ್ಲ. ಡೆಬಿಯನ್‌ನಲ್ಲಿ ಎರಡನೆಯದೇ ಜಾಸ್ತಿ. ಡಿಸ್ಕ್‌ಗೆ ಸಂಬಂಧಪಟ್ಟ ಟೂಲ್‌ಗಳು ಹೆಚ್ಚಾಗಿ /ಯುಎಸ್‌ಆರ್/ಎಸ್‌ಬಿನ್ ಒಳಗೆ ಕೂತಿರುತ್ತವೆ, ಸಾಮಾನ್ಯ ಬಳಕೆದಾರರ ಪಾತ್‌ನಲ್ಲಿ ಡೆಬಿಯನ್ ಆ ಫೋಲ್ಡರ್ ಇಡುವುದಿಲ್ಲ. ಉಬುಂಟು ಇಡುತ್ತದೆ. ಒಂದು ಮಷಿನ್‌ನಲ್ಲಿ ಬರುತ್ತದೆ, ಪಕ್ಕದ್ದರಲ್ಲಿ ಬರಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಿ. ಮುಂದೆ ಸುಡೊ (ಕಮಾಂಡ್‌ನ್ನು ರೂಟ್, ಅಂದರೆ ಪೂರ್ಣ ಅಧಿಕಾರದ ಬಳಕೆದಾರ ಆಗಿ ಓಡಿಸುವ ಪದ) ಹಾಕಿ ಟ್ಯಾಬ್ ಒತ್ತಿದರೆ ಡೆಬಿಯನ್‌ನಲ್ಲೂ ಬರುತ್ತದೆ, ಯಾಕೆಂದರೆ ಸುಡೊಗೆ ಇರುವ ಕಂಪ್ಲೀಷನ್ (ಟ್ಯಾಬ್ ಏನು ತುಂಬಬೇಕು ಅಂತ ಹೇಳುವ ಸ್ಕ್ರಿಪ್ಟ್) ತಾನೇ ಎಸ್‌ಬಿನ್ ಫೋಲ್ಡರ್‌ಗಳನ್ನೂ ಸೇರಿಸಿಕೊಂಡು ಹುಡುಕುತ್ತದೆ.

ಇನ್ನು ಬರೀ ಎಸ್‌ಯು ಹೊಡೆದು ರೂಟ್ ಆಗುವ ಅಭ್ಯಾಸ. ಡೆಬಿಯನ್ 10ರಿಂದ ಈಚೆಗೆ ಇದು ಪಾತ್ ಬದಲಿಸುವುದಿಲ್ಲ. ಹೆಸರಿಗೆ ರೂಟ್, ಆದರೆ ಪಾತ್ ಹಳೆ ಬಳಕೆದಾರರದ್ದೇ, ಎಸ್‌ಬಿನ್ ಇಲ್ಲ. ಸಾಲದ್ದಕ್ಕೆ ರೂಟ್‌ನ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಕಂಪ್ಲೀಷನ್ ಎಬ್ಬಿಸುವ ಸಾಲುಗಳೂ ಇರುವುದಿಲ್ಲ, ಉಬುಂಟುವಿನಲ್ಲಿ ಇದ್ದರೂ ಮುಂದೆ ಹ್ಯಾಷ್ ಹಾಕಿ ಮುಚ್ಚಿರುತ್ತಾರೆ. ಎಸ್‌ಯು ಆದ ಮೇಲೆ ಒಂದು ಜಾಗ ಬಿಟ್ಟು ಮೈನಸ್ ಹಾಕಿ, ಅಥವಾ ಸುಡೊ ಮೈನಸ್ ಐ ಬಳಸಿ. ಆಗ ಲಾಗಿನ್ ಶೆಲ್ ಏಳುತ್ತದೆ, ಪಾತ್ ಮತ್ತು ಕಂಪ್ಲೀಷನ್ ಎರಡೂ ಬರುತ್ತವೆ. ಒಂದು ಮೈನಸ್ ಚಿಹ್ನೆಗಾಗಿ ಮಷಿನ್ ಫಾರ್ಮ್ಯಾಟ್ ಮಾಡಿಸಲು ಹೊರಟವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಕಮಾಂಡ್‌ನ ಹೆಸರು ಪೂರ್ತಿ ಆಗುತ್ತದೆ, ಆದರೆ ಅದರ ಮುಂದಿನ ಆಯ್ಕೆಗಳು ಬರುವುದಿಲ್ಲ ಅಂದರೆ ಬ್ಯಾಶ್-ಕಂಪ್ಲೀಷನ್ ಪ್ಯಾಕೇಜ್ ಇದೆಯೇ ನೋಡಿ. ಚಿಕ್ಕದಾಗಿ ಇನ್‌ಸ್ಟಾಲ್ ಮಾಡಿದ ಸರ್ವರ್‌ಗಳಲ್ಲಿ ಇರುವುದಿಲ್ಲ. ಏಪಿಟಿಯಿಂದ ಹಾಕಿ, ಹೊಸ ಟರ್ಮಿನಲ್ ತೆರೆಯಿರಿ. ಪ್ಯಾಕೇಜ್ ಇದ್ದೂ ಬರುತ್ತಿಲ್ಲ ಅಂದರೆ /ಯುಎಸ್‌ಆರ್/ಶೇರ್/ಬ್ಯಾಶ್-ಕಂಪ್ಲೀಷನ್/ಕಂಪ್ಲೀಷನ್ಸ್ ಫೋಲ್ಡರ್‌ನಲ್ಲಿ ಆ ಟೂಲ್‌ನ ಹೆಸರಿನದೇ ಫೈಲ್ ಇದೆಯೇ ನೋಡಬೇಕು. ಡಿಸ್ಕ್ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆಗೆ ಯುಟಿಲ್-ಲಿನಕ್ಸ್ ತಾನೇ ಫೈಲ್ ತರುತ್ತದೆ, ಎನ್‌ವಿಎಂಇಗೆ ಎನ್‌ವಿಎಂಇ-ಸಿಎಲ್‌ಐ, ಯುಡಿಸ್ಕ್ಸ್‌ಸಿಟಿಎಲ್‌ಗೆ ಯುಡಿಸ್ಕ್ಸ್2.

ಇಲ್ಲೊಂದು ಬಲೆ ಇದೆ. ಕಂಪ್ಲೀಟ್ ಮೈನಸ್ ಪಿ ಸ್ಮಾರ್ಟ್‌ಸಿಟಿಎಲ್ ಅಂತ ಹೊಡೆದರೆ ಈ ಕಮಾಂಡ್‌ಗೆ ಕಂಪ್ಲೀಷನ್ ಜೋಡಿಸಿದೆಯೇ ಅಂತ ಬ್ಯಾಶ್ ಹೇಳುತ್ತದೆ. ಹೊಸ ಟರ್ಮಿನಲ್ ತೆರೆದ ಕೂಡಲೇ ಕೇಳಿದರೆ "ಇಲ್ಲ" ಅಂತಲೇ ಉತ್ತರ, ಎಲ್ಲವೂ ಸರಿಯಿದ್ದರೂ! ಆ ಫೈಲ್‌ಗಳನ್ನು ಬ್ಯಾಶ್ ಮೊದಲೇ ಓದಿಟ್ಟುಕೊಳ್ಳುವುದಿಲ್ಲ, ಮೊದಲ ಸಲ ಟ್ಯಾಬ್ ಒತ್ತಿದಾಗ ಮಾತ್ರ ಓದುತ್ತದೆ. ಆದ್ದರಿಂದ ಒಮ್ಮೆ ಟ್ಯಾಬ್ ಒತ್ತಿ, ಸಾಲು ಅಳಿಸಿ, ಆಮೇಲೆ ಕೇಳಿ. ಆಗಲೂ ಇಲ್ಲ ಅಂದರೆ ನಿಜವಾಗಿ ಇಲ್ಲ.

ಸುಡೊ ಬಗ್ಗೆ ಒಂದು ಮಾತು. ಮುಂದೆ ಸುಡೊ ಹಾಕಿದ್ದೀರಿ ಅಂದ ಮಾತ್ರಕ್ಕೆ ಟ್ಯಾಬ್ ರೂಟ್ ಆಗಿ ಓಡುವುದಿಲ್ಲ. ಎಂಟರ್ ಒತ್ತುವವರೆಗೂ ಎಲ್ಲ ನಿಮ್ಮ ಹೆಸರಿನಲ್ಲೇ. ರೂಟ್‌ಗೆ ಮಾತ್ರ ಬಾಗಿಲು ತೆರೆದಿರುವ ಫೋಲ್ಡರ್ ಒಳಗೆ ಟ್ಯಾಬ್ ಒತ್ತಿದರೆ ಏನೂ ಬರದಿರುವುದು ದೋಷವಲ್ಲ, ಅನುಮತಿ ಇಲ್ಲ ಅಷ್ಟೇ. ಬ್ಯಾಕಪ್ ಡಿಸ್ಕ್‌ನ ಫೋಲ್ಡರ್ ಖಾಲಿಯಾಗಿಬಿಟ್ಟಿದೆ ಅಂತ ಗಾಬರಿಯಾಗುವ ಮುಂಚೆ ಸುಡೊ ಎಲ್‌ಎಸ್ ಮಾಡಿ ಒಳಗೆ ನೋಡಿ.

ಜೆಡ್‌ಶೆಲ್ ಬಳಸುವವರಿಗೆ ಹೇಳುವುದು ಕಡಿಮೆ. ಕಾಂಪ್‌ಇನಿಟ್ ಸಾಲು ಜೆಡ್‌ಎಸ್‌ಎಚ್‌ಆರ್‌ಸಿಯಲ್ಲಿ ಇರಬೇಕು. ಹೊಸ ಟೂಲ್ ಹಾಕಿದ ಮೇಲೂ ಬರದಿದ್ದರೆ ಮನೆ ಫೋಲ್ಡರ್‌ನಲ್ಲಿರುವ ಜೆಡ್‌ಕಾಂಪ್‌ಡಂಪ್ ಅನ್ನುವ ಚುಕ್ಕಿ ಫೈಲ್ ಅಳಿಸಿ ಟರ್ಮಿನಲ್ ಮತ್ತೆ ತೆರೆಯಿರಿ, ಅದು ಹಳೆ ಪಟ್ಟಿ ಹಿಡಿದುಕೊಂಡು ಕೂತಿರುತ್ತದೆ.

ಎರರ್ ಸಾಲು ಬಿದ್ದರೆ

ಟ್ಯಾಬ್ ಒತ್ತಿದ ಕೂಡಲೇ "ಕೆನಾಟ್ ಕ್ರಿಯೇಟ್ ಟೆಂಪ್ ಫೈಲ್ ಫಾರ್ ಹಿಯರ್-ಡಾಕ್ಯುಮೆಂಟ್" ಅಂತ ಒಂದು ಉದ್ದ ಸಾಲು ಬೀಳುತ್ತದೆ. ಫೋನಿನಲ್ಲಿ ಇದನ್ನು ಓದಿ ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಪೂರ್ತಿ ಓದಿಸಿ, ಅಸಲಿ ಸುದ್ದಿ ಸಾಲಿನ ಕೊನೆಯಲ್ಲಿ ಇರುತ್ತದೆ. ಕೊನೆಗೆ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂತಿದ್ದರೆ ಡಿಸ್ಕ್ ತುಂಬಿದೆ. "ರೀಡ್-ಓನ್ಲಿ ಫೈಲ್ ಸಿಸ್ಟಮ್" ಅಂತಿದ್ದರೆ ಡಿಸ್ಕ್ ಬರೆಯಲು ಬಿಡುತ್ತಿಲ್ಲ, ಅದು ಇನ್ನೂ ಕೆಟ್ಟ ಸುದ್ದಿ.

ಕಂಪ್ಲೀಷನ್ ಸ್ಕ್ರಿಪ್ಟ್‌ಗಳು ಒಂದಷ್ಟು ಅಕ್ಷರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಲು ಹಿಯರ್-ಡಾಕ್ಯುಮೆಂಟ್ ಅನ್ನುವ ದಾರಿ ಬಳಸುತ್ತವೆ. ಹಳೆ ಬ್ಯಾಶ್ ಅದಕ್ಕಾಗಿ ಟಿಎಂಪಿ ಫೋಲ್ಡರ್‌ನಲ್ಲಿ ಒಂದು ಪುಟ್ಟ ಫೈಲ್ ಬರೆಯುತ್ತಿತ್ತು. ಜಾಗ ಇಲ್ಲದಿದ್ದರೆ ಅಲ್ಲೇ ಎಡವುತ್ತಿತ್ತು. 2020ರ ಕೊನೆಗೆ ಬಂದ ಬ್ಯಾಶ್ 5.1ರಿಂದ ಚಿಕ್ಕ ತುಣುಕುಗಳನ್ನು ಪೈಪ್ ಮೂಲಕ ಕಳಿಸುತ್ತಾರೆ, ಹಾಗಾಗಿ ಹೊಸ ಮಷಿನ್‌ಗಳಲ್ಲಿ ಈ ಸಾಲು ಅಪರೂಪ. ಆದರೆ ಉಬುಂಟು 20.04, ಡೆಬಿಯನ್ 10 ಹಾಕಿ ಮರೆತುಬಿಟ್ಟ ಮಷಿನ್‌ಗಳು ನಮ್ಮ ಕಡೆ ಇನ್ನೂ ಓಡುತ್ತಿವೆ, ಅವುಗಳಲ್ಲಿ ಬ್ಯಾಶ್ 5.0. ನಿಜ ಹೇಳಬೇಕೆಂದರೆ ಹಳೆಯದೇ ಮೇಲು ಅನ್ನಿಸುತ್ತದೆ. ಡಿಸ್ಕ್ ತುಂಬಿದ್ದನ್ನು ಟ್ಯಾಬ್ ಕೂಗಿ ಹೇಳುತ್ತಿತ್ತು, ಈಗ ಬಿಲ್ ಸೇವ್ ಆಗದೆ ಹೋದಾಗಲೇ ಗೊತ್ತಾಗುವುದು.

ತುಂಬಿದೆ ಅಂತ ಖಚಿತ ಮಾಡಿಕೊಳ್ಳಲು ಡಿಎಫ್ ಮೈನಸ್ ಎಚ್. ಅದರಲ್ಲಿ ಜಾಗ ಇದೆ ಅಂತ ಕಂಡರೂ ಬಿಡಬೇಡಿ, ಡಿಎಫ್ ಮೈನಸ್ ಐ ಕೂಡ ನೋಡಿ. ಸಾವಿರಾರು ಚಿಕ್ಕ ಚಿತ್ರಗಳನ್ನು ಬರೆಯುವ ಕ್ಯಾಮೆರಾ ಸಾಫ್ಟ್‌ವೇರ್ ಇದ್ದರೆ ಜಾಗಕ್ಕಿಂತ ಮೊದಲು ಐನೋಡ್‌ಗಳು (ಪ್ರತಿ ಫೈಲ್‌ಗೂ ಬೇಕಾದ ದಾಖಲೆ ಜಾಗ) ಮುಗಿಯುತ್ತವೆ, ಆಗಲೂ ಬರುವುದು ಅದೇ ಎರರ್. ಇನ್ನೊಂದು ಗೊಂದಲ: ಹುಡುಗನ ಲಾಗಿನ್‌ನಲ್ಲಿ ಎರರ್ ಬರುತ್ತದೆ, ನೀವು ರೂಟ್ ಆಗಿ ನೋಡಿದರೆ ಟ್ಯಾಬ್ ಚೆನ್ನಾಗಿ ಕೆಲಸ ಮಾಡುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮಾಡುವಾಗ ಸಾಮಾನ್ಯವಾಗಿ ನೂರಕ್ಕೆ 5 ಪಾಲು ಜಾಗವನ್ನು ರೂಟ್‌ಗೆ ಅಂತ ತೆಗೆದಿಡುತ್ತದೆ, ಉಳಿದವರಿಗೆ ಡಿಸ್ಕ್ ತುಂಬಿದಾಗಲೂ ರೂಟ್‌ಗೆ ಜಾಗ ಉಳಿದಿರುತ್ತದೆ.

ಏನು ತುಂಬಿದೆ ಅಂತ ಹುಡುಕಲು ಡಿಯು ಮೈನಸ್ ಎಕ್ಸ್‌ಎಚ್, ಜೊತೆಗೆ ಎರಡು ಮೈನಸ್ ಹಾಕಿ ಮ್ಯಾಕ್ಸ್-ಡೆಪ್ತ್=1, ಕೊನೆಗೆ ಒಂದು ಸ್ಲ್ಯಾಷ್, ಅದನ್ನು ಸಾರ್ಟ್ ಮೈನಸ್ ಎಚ್‌ಗೆ ಕಳಿಸಿ. ರೂಟ್ ಆಗಿ ಓಡಿಸಿ. ಎಕ್ಸ್ ಹಾಕುವುದು ಬೇರೆ ಡಿಸ್ಕ್‌ಗಳ ಒಳಗೆ ಹೋಗದಿರಲಿ ಅಂತ. ಜರ್ನಲ್ (ಸಿಸ್ಟಮ್ ಲಾಗ್) ದಪ್ಪ ಆಗಿದ್ದರೆ ಜರ್ನಲ್‌ಸಿಟಿಎಲ್‌ನ ವ್ಯಾಕ್ಯೂಮ್-ಸೈಜ್ ಆಯ್ಕೆಗೆ 200, ಅದಕ್ಕೆ ಅಂಟಿಸಿ ದೊಡ್ಡ ಎಂ ಕೊಟ್ಟು ಇಳಿಸಿ. ಅಳಿಸಿದ ಫೈಲ್‌ನ್ನು ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದಿಟ್ಟುಕೊಂಡಿದ್ದರೆ ಎಲ್‌ಎಸ್‌ಒಎಫ್ ಪ್ಲಸ್ ದೊಡ್ಡ ಎಲ್ 1 ತೋರಿಸುತ್ತದೆ, ಆ ಪ್ರೋಗ್ರಾಂ ನಿಲ್ಲಿಸಿ ಎಬ್ಬಿಸಿದರೆ ಜಾಗ ಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಡಿಎಫ್ ಹೇಳುವ ಲೆಕ್ಕ, ಡಿಯು ಹೇಳುವ ಲೆಕ್ಕ ಕೂಡದಿದ್ದರೆ? ಕರೆಂಟ್ ಹೋಗಿ ಬರುವ ಊರುಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಕ್ಯಾಮೆರಾ ರೆಕಾರ್ಡಿಂಗ್ ಹೋಗುವುದು ಯುಎಸ್‌ಬಿ ಡಿಸ್ಕ್‌ಗೆ, ಅದು ಮೌಂಟ್ ಆಗುವುದು, ಅಂದರೆ ತೆರೆದುಕೊಳ್ಳುವುದು, /ಎಂಎನ್‌ಟಿ ಒಳಗಿನ ಒಂದು ಫೋಲ್ಡರ್‌ನಲ್ಲಿ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಬೇಗ ಎದ್ದಿತು, ಡಿಸ್ಕ್ ತಡವಾಗಿ ಎದ್ದಿತು. ಎಫ್‌ಸ್ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದ ಫೈಲ್) ನೋಫೇಲ್ ಇದ್ದುದರಿಂದ ಮಷಿನ್ ಕಾಯದೆ ಮುಂದೆ ಹೋಯಿತು. ಕ್ಯಾಮೆರಾ ಪ್ರೋಗ್ರಾಂಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು, ಅದೇ ಫೋಲ್ಡರ್ ಇದೆಯಲ್ಲ, ಬರೆಯುತ್ತಾ ಹೋಯಿತು, ಆದರೆ ಬಿದ್ದಿದ್ದೆಲ್ಲ ರೂಟ್ ಡಿಸ್ಕ್, ಅಂದರೆ ಸಿಸ್ಟಮ್ ಇರುವ ಮುಖ್ಯ ಡಿಸ್ಕ್ ಮೇಲೆ. ಮರುದಿನ ಯಾರೋ ಡಿಸ್ಕ್ ಮೌಂಟ್ ಮಾಡಿದರು, ಅದು ಆ ಫೋಲ್ಡರ್ ಮೇಲೆ ಬಂದು ಕೂತಿತು, ಕೆಳಗಿನ ಫೈಲ್‌ಗಳು ಕಣ್ಣಿಗೆ ಬೀಳದಂತೆ ಮುಚ್ಚಿಹೋದವು. ಡಿಯು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ಟ್ಯಾಬ್ ಒತ್ತಿದರೂ ಮೇಲಿನ ಡಿಸ್ಕ್‌ನ ಹೆಸರುಗಳೇ ಬರುತ್ತವೆ.

ಬಯಲು ಮಾಡುವುದು ಹೀಗೆ. /ಎಂಎನ್‌ಟಿ ಒಳಗೆ ಹೊಸದಾಗಿ ಒಂದು ಖಾಲಿ ಫೋಲ್ಡರ್ ಮಾಡಿ, ಮೌಂಟ್ ಕಮಾಂಡ್‌ಗೆ ಬೈಂಡ್ ಆಯ್ಕೆ ಕೊಟ್ಟು ಸ್ಲ್ಯಾಷ್ ಅನ್ನು ಆ ಫೋಲ್ಡರ್‌ಗೆ ಜೋಡಿಸಿ. ಬೈಂಡ್ ಮಾಡಿದಾಗ ಮೇಲೆ ಕೂತ ಡಿಸ್ಕ್ ಬರುವುದಿಲ್ಲ, ಕೆಳಗಿನದು ಬರುತ್ತದೆ. ಈಗ ಟ್ಯಾಬ್ ಒತ್ತುತ್ತಾ ಒಳಗೆ ಹೋದರೆ ಕಳೆದ ವಾರದ ರೆಕಾರ್ಡಿಂಗ್‌ಗಳು ಸಾಲಾಗಿ ಕಾಣಿಸುತ್ತವೆ. ಬೇಕಾದ್ದು ಸಾಗಿಸಿ, ಉಳಿದದ್ದು ಅಳಿಸಿ. ಮತ್ತೆ ಹೀಗಾಗದಿರಲು ಡಿಸ್ಕ್ ಕಳಚಿರುವಾಗ ಆ ಖಾಲಿ ಮೌಂಟ್ ಫೋಲ್ಡರ್‌ಗೆ ಸಿಎಚ್‌ಎಟಿಟಿಆರ್ ಪ್ಲಸ್ ಐ ಹಾಕಿಬಿಡಿ. ಡಿಸ್ಕ್ ಇಲ್ಲದಾಗ ರೂಟ್‌ಗೂ ಅಲ್ಲಿ ಬರೆಯಲು ಬರುವುದಿಲ್ಲ, ಡಿಸ್ಕ್ ಮೌಂಟ್ ಆದರೆ ಎಂದಿನಂತೆ. ಇದನ್ನು ಮಾಡದ ಮಷಿನ್ ನಾನು ಈಗ ಯಾರಿಗೂ ಕೊಡುವುದಿಲ್ಲ.

ಇನ್ನು ರೀಡ್-ಓನ್ಲಿ ಅಂತ ಬಂದದ್ದು. ಫೈಂಡ್‌ಎಂಎನ್‌ಟಿ ಸ್ಲ್ಯಾಷ್ ಅಂತ ಹೊಡೆದು ಆಪ್ಷನ್ಸ್ ಕಾಲಂ ನೋಡಿ. ಆರ್‌ಡಬ್ಲ್ಯೂ ಇರಬೇಕಾದಲ್ಲಿ ಆರ್‌ಒ ಇದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ತಾನಾಗಿಯೇ ಬರವಣಿಗೆ ನಿಲ್ಲಿಸಿದೆ. ಡೆಬಿಯನ್, ಉಬುಂಟುಗಳ ಎಫ್‌ಸ್ಟ್ಯಾಬ್‌ನಲ್ಲಿ ರೂಟ್ ಡಿಸ್ಕ್ ಸಾಲಿಗೆ ಎಷ್ಟೋ ಕಡೆ ಎರರ್ಸ್=ರಿಮೌಂಟ್-ಆರ್‌ಒ ಅಂತ ಇರುತ್ತದೆ, ಫೈಲ್ ಸಿಸ್ಟಮ್‌ನಲ್ಲಿ ತಪ್ಪು ಕಂಡರೆ ಇನ್ನಷ್ಟು ಕೆಡದಿರಲಿ ಅಂತ ಬಾಗಿಲು ಹಾಕಿಕೊಳ್ಳುತ್ತದೆ. ಬಲವಂತವಾಗಿ ಆರ್‌ಡಬ್ಲ್ಯೂಗೆ ತಿರುಗಿಸಿ ಕೆಲಸ ಮುಂದುವರಿಸುವವರು ಇದ್ದಾರೆ. ಅದು ಬೇಡ, ಮೊದಲು ಕಾರಣ ನೋಡಿ. ಕಾರಣ ನೋಡುವ ದಾರಿ ಮುಂದಿನ ಭಾಗದ್ದೇ.

ಟರ್ಮಿನಲ್ ಸಿಕ್ಕಿಹಾಕಿಕೊಂಡರೆ

ಇದು ನಿಜವಾಗಿ ಕೂತು ನೋಡಬೇಕಾದ ರೋಗ. ಕಂಟ್ರೋಲ್ ಸಿ ಒತ್ತಿ ಒಂದು ನಿಮಿಷ ಕಾಯಿರಿ. ಬಿಡದಿದ್ದರೆ ಆ ಟರ್ಮಿನಲ್ ಹಾಗೇ ಬಿಟ್ಟು ಇನ್ನೊಂದು ತೆರೆಯಿರಿ.

ಹೊಸದರಲ್ಲಿ ಬ್ಯಾಶ್ ಅಂತ ಹೊಡೆದು ಎರಡೆರಡು ಮೈನಸ್‌ನೊಂದಿಗೆ ನೋಪ್ರೊಫೈಲ್ ಮತ್ತು ನೋಆರ್‌ಸಿ ಹಾಕಿ ಎಂಟರ್ ಒತ್ತಿ. ಈಗ ಬಂದಿರುವುದು ಬೋಳು ಶೆಲ್. ಇದರಲ್ಲಿ ಕಂಪ್ಲೀಷನ್ ಸ್ಕ್ರಿಪ್ಟ್ ಒಂದೂ ಇಲ್ಲ, ಫೈಲ್ ಹೆಸರು ಪೂರ್ತಿ ಮಾಡುವ ಮೂಲ ಟ್ಯಾಬ್ ಮಾತ್ರ ಇದೆ. ಮೊದಲು ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅದೇ ಸಾಲು ಇಲ್ಲೂ ಹೊಡೆದು ಟ್ಯಾಬ್ ಒತ್ತಿ. ಇಲ್ಲೂ ನಿಂತುಬಿಟ್ಟರೆ ದೋಷ ಡಿಸ್ಕ್ ಅಥವಾ ಮೌಂಟ್‌ನಲ್ಲಿ. ಇಲ್ಲಿ ಸಲೀಸಾಗಿ ಹೋದರೆ ಕಂಪ್ಲೀಷನ್ ಸ್ಕ್ರಿಪ್ಟ್ ಹಿಂದೆ ಓಡಿಸಿದ ಯಾವುದೋ ಕಮಾಂಡ್ ನಿಂತಿದೆ. ನನ್ನ ಮಟ್ಟಿಗೆ ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ.

ಬೋಳು ಶೆಲ್‌ನಲ್ಲೂ ನಿಂತಿತು ಅಂದುಕೊಳ್ಳಿ. ಎಲ್ಲಿ? /ಡೆವ್/ಎಸ್‌ಡಿ (ಡಿಸ್ಕ್‌ಗಳ ಹೆಸರು ಶುರುವಾಗುವುದು ಹೀಗೆ) ಹತ್ತಿರ ನಿಲ್ಲುವುದು ತೀರಾ ಅಪರೂಪ, ಯಾಕೆಂದರೆ ಡೆವ್ ಫೋಲ್ಡರ್ ಇರುವುದು ಮೆಮೊರಿಯಲ್ಲಿ, ಡಿಸ್ಕ್ ಸತ್ತರೂ ಹೆಸರು ತೋರಿಸಲು ಅದಕ್ಕೆ ಡಿಸ್ಕ್ ಬೇಡ. /ಎಂಎನ್‌ಟಿ ಅಥವಾ /ಮೀಡಿಯಾ ಒಳಗೆ ನಿಂತರೆ ಅಲ್ಲಿ ಮೌಂಟ್ ಆಗಿರುವ ಡಿಸ್ಕ್ ಇಲ್ಲವೇ ನೆಟ್‌ವರ್ಕ್ ಷೇರ್ ಉತ್ತರ ಕೊಡುತ್ತಿಲ್ಲ. ಆಫೀಸಿನ ಇನ್ನೊಂದು ಕಂಪ್ಯೂಟರ್‌ನ ಷೇರ್ ಮೌಂಟ್ ಮಾಡಿ, ಆ ಕಂಪ್ಯೂಟರ್ ಸಂಜೆ ಆಫ್ ಮಾಡಿ ಹೋದರೆ ಇಲ್ಲಿ ಟ್ಯಾಬ್ ಕೊರಗುತ್ತದೆ, ಡಿಸ್ಕ್‌ದೇನೂ ತಪ್ಪಿಲ್ಲ. ಕಮಾಂಡ್‌ನ ಮೊದಲ ಪದದಲ್ಲೇ ನಿಲ್ಲುತ್ತದೆ ಅಂದರೆ ಪಾತ್‌ನಲ್ಲಿ ಯಾರೋ ಅಂಥ ಫೋಲ್ಡರ್ ಸೇರಿಸಿದ್ದಾರೆ. ಎಕೋ ಡಾಲರ್ ಪಾತ್ ಮಾಡಿ ನೋಡಿ, ಪಾತ್ ಅನ್ನುವುದು ದೊಡ್ಡ ಅಕ್ಷರ. ಆದರೆ ಆ ಸೇರಿಸುವ ಸಾಲು ಬ್ಯಾಶ್‌ಆರ್‌ಸಿಯಲ್ಲೇ ಇದ್ದರೂ ಬೋಳು ಶೆಲ್ ಹಳೆ ಶೆಲ್‌ನಿಂದ ಅದೇ ಪಾತ್ ಪಡೆದಿರುತ್ತದೆ, ಇದನ್ನು ನೆನಪಿಡಿ.

ಬೋಳು ಶೆಲ್ ಸಲೀಸಾಗಿ ಹೋಯಿತು ಅಂದರೆ ಮಾಮೂಲಿ ಶೆಲ್‌ಗೆ ಬಂದು ಸೆಟ್ ಮೈನಸ್ ಎಕ್ಸ್ ಹಾಕಿ ಟ್ಯಾಬ್ ಒತ್ತಿ. ಪರದೆ ತುಂಬ ಕಸದಂತೆ ಸಾಲುಗಳು ಬೀಳುತ್ತವೆ, ಹೆದರಬೇಡಿ, ಕೊನೆಯ ಸಾಲು ಮಾತ್ರ ನೋಡಿ. ಅದೇ ನಿಂತಿರುವ ಕಮಾಂಡ್. ನೋಡಿ ಆದ ಮೇಲೆ ಸೆಟ್ ಪ್ಲಸ್ ಎಕ್ಸ್ ಮಾಡಿ ನಿಲ್ಲಿಸಿ. ಫಾರ್ಮ್ಯಾಟ್, ಪಾರ್ಟಿಷನ್ ಮಾಡುವ ಹಲವು ಟೂಲ್‌ಗಳ ಕಂಪ್ಲೀಷನ್ ಒಳಗೊಳಗೇ ಎಲ್‌ಎಸ್‌ಬಿಎಲ್‌ಕೆ ಓಡಿಸಿ ಡಿಸ್ಕ್ ಪಟ್ಟಿ ತರುತ್ತದೆ. ಯುಡಿಸ್ಕ್ಸ್‌ಸಿಟಿಎಲ್ ಇನ್ನೂ ಬೇರೆ ಥರ, ಅದರ ಟ್ಯಾಬ್ ಹಿನ್ನೆಲೆಯಲ್ಲಿ ಓಡುವ ಯುಡಿಸ್ಕ್ಸ್ ಡೀಮನ್‌ನ್ನೇ ಕೇಳುತ್ತದೆ. ಆ ಡೀಮನ್ ಕೆಟ್ಟ ಡಿಸ್ಕ್‌ನ್ನು ಓದಲು ಹೋಗಿ ಕಾಯುತ್ತಾ ಕೂತಿದ್ದರೆ ಟ್ಯಾಬ್ ಕೂಡ ಕಾಯುತ್ತದೆ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಯುಡಿಸ್ಕ್ಸ್2 ನೋಡಿ. ಜೊತೆಗೆ ಪಿಎಸ್ ಪಟ್ಟಿಯಲ್ಲಿ ಸ್ಟ್ಯಾಟ್ ಕಾಲಂನಲ್ಲಿ ದೊಡ್ಡ ಡಿ ಇರುವ ಪ್ರೋಸೆಸ್ ಇದೆಯೇ ನೋಡಿ. ಡಿ ಅಂದರೆ ಡಿಸ್ಕ್ ಉತ್ತರಕ್ಕೆ ಕಾಯುತ್ತಿದೆ, ಕಿಲ್ ಮಾಡಿದರೂ ಅಲುಗಾಡುವುದಿಲ್ಲ.

ಡಿ ಕಂಡರೆ ಮುಂದಿನದು ಕರ್ನಲ್ ಸಂದೇಶ. ಸುಡೊ ಡಿಎಂಇಎಸ್‌ಜಿ ಮೈನಸ್ ದೊಡ್ಡ ಟಿ, ಕೊನೆಯ ಪುಟ. "ಐ/ಒ ಎರರ್, ಡೆವ್ ಎಸ್‌ಡಿಬಿ, ಸೆಕ್ಟರ್" ಅಂತ ನಂಬರ್ ಸಮೇತ ಸಾಲುಗಳು ಇದ್ದರೆ ಯಾವ ಡಿಸ್ಕ್ ಅಂತಲೂ ಗೊತ್ತಾಯಿತು. ಟ್ಯಾಬ್ ಒತ್ತಿದರೆ ಅರ್ಧ ನಿಮಿಷದ ಲೆಕ್ಕದಲ್ಲಿ ನಿಂತು ನಿಂತು ಹೋಗುತ್ತದೆ ಅನ್ನುವುದಕ್ಕೂ ಕಾರಣ ಇಲ್ಲೇ ಇದೆ: ಡಿಸ್ಕ್‌ಗೆ ಕೊಟ್ಟ ಒಂದು ಆಜ್ಞೆಗೆ ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾದು, ಆಮೇಲೆ ಲಿಂಕ್ ರೀಸೆಟ್ ಮಾಡಿ ಮತ್ತೆ ಕೇಳುತ್ತದೆ.

ಈಗ ಸುಡೊ ಸ್ಮಾರ್ಟ್‌ಸಿಟಿಎಲ್ ಮೈನಸ್ ಎ, ಆಮೇಲೆ ಡಿಸ್ಕ್ ಹೆಸರು. ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕ್ ಮಾತಾಡದಿದ್ದರೆ ಮೈನಸ್ ಡಿ ಎಸ್‌ಎಟಿ ಸೇರಿಸಿ. ಮೇಲೆ "ಪಾಸ್ಡ್" ಅಂತ ಬಂದಿದೆ ಅಂತ ಅಲ್ಲಿಗೇ ನಿಲ್ಲಿಸುವವರೇ ಜಾಸ್ತಿ. ಆ ಪಾಸ್ಡ್‌ಗೆ ನಾನು ಬೆಲೆ ಕೊಡುವುದಿಲ್ಲ, ಸಾಯುವ ಹಿಂದಿನ ದಿನವೂ ಪಾಸ್ಡ್ ಅನ್ನುವ ಡಿಸ್ಕ್‌ಗಳಿವೆ. ಕೆಳಗಿನ ಪಟ್ಟಿಯಲ್ಲಿ ಕೊನೆಯ ಕಾಲಂ ನೋಡಿ. 197ನೇ ಸಾಲು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, 198 ಸರಿಪಡಿಸಲಾಗದವು, 5 ಈಗಾಗಲೇ ಬದಲಿ ಜಾಗ ಕೊಟ್ಟವು. 197 ಸೊನ್ನೆಗಿಂತ ಜಾಸ್ತಿ ಇದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತರಿಸಿ, ಚರ್ಚೆ ಬೇಡ. ಆದರೆ 5, 197, 198 ಎಲ್ಲ ಸೊನ್ನೆ ಇದ್ದು 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಬದಲಿಸಲು ಹೋಗಬೇಡಿ. ಅದು ಕೇಬಲ್ ಎಣಿಕೆ. ಸಾಟಾ ಕೇಬಲ್ ಕಿತ್ತು ಬೇರೆ ಹಾಕಿ. ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರುವುದು ನಿಂತರೆ ಸರಿಹೋಯಿತು ಅಂತ ಅರ್ಥ.

194ನೇ ಸಾಲು ಬಿಸಿ. ನಮ್ಮ ರಾಯಚೂರು, ಬಳ್ಳಾರಿ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಮಿಲ್ ಆಫೀಸಿನ ಕ್ಯಾಬಿನೆಟ್ ತೆರೆದರೆ ಫ್ಯಾನ್ ಕಿಂಡಿಗೆ ತೌಡಿನ ಧೂಳು ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಸಾಧಾರಣ ಹಾರ್ಡ್‌ಡಿಸ್ಕ್‌ಗಳ ಮಿತಿ 60 ಡಿಗ್ರಿ ಆಸುಪಾಸು, ಏಪ್ರಿಲ್ ಮಧ್ಯಾಹ್ನ 55 ತೋರಿಸುತ್ತಿದ್ದರೆ ಟ್ಯಾಬ್ ಬಿಟ್ಟು ಮೊದಲು ಬ್ಲೋವರ್ ಹಿಡಿಯಿರಿ. ಎನ್‌ವಿಎಂಇ ಎಸ್‌ಎಸ್‌ಡಿ ಇದ್ದರೆ ಎನ್‌ವಿಎಂಇ ಸ್ಮಾರ್ಟ್-ಲಾಗ್ ನೋಡಿ, ಅದರಲ್ಲಿ ಅನ್‌ಸೇಫ್ ಶಟ್‌ಡೌನ್ಸ್ ಅನ್ನುವ ಸಾಲು ಇರುತ್ತದೆ. ಅದು ದಿನವೂ ಏರುತ್ತಿದ್ದರೆ ಯುಪಿಎಸ್ ಬ್ಯಾಟರಿ ಹೋಗಿದೆ, ಸಾಹುಕಾರರಿಗೆ ತೋರಿಸಲು ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಡಿಸ್ಕ್ ಹೋಗುತ್ತಿದೆ ಅಂತ ಖಚಿತವಾದರೆ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ರಿಪೇರಿ ಮಾಡುವ ಕಮಾಂಡ್) ಓಡಿಸಬೇಡಿ. ಕೆಟ್ಟ ಡಿಸ್ಕ್ ಮೇಲೆ ಅದು ಬರೆಯುತ್ತದೆ, ಉಳಿದದ್ದೂ ಹೋಗಬಹುದು. ಮೊದಲು ಡಿಡಿರೆಸ್ಕ್ಯೂನಿಂದ ಇನ್ನೊಂದು ಡಿಸ್ಕ್‌ಗೆ ಇಮೇಜ್ ತೆಗೆಯಿರಿ, ಡೆಬಿಯನ್‌ನಲ್ಲಿ ಪ್ಯಾಕೇಜ್ ಹೆಸರು ಮುಂದೆ ಒಂದು ಜಿ ಸೇರಿಸಿ ಜಿಡಿಡಿರೆಸ್ಕ್ಯೂ. ಮೂರನೇ ಪದವಾಗಿ ಮ್ಯಾಪ್ ಫೈಲ್ ಹೆಸರು ಕೊಡುವುದು ಮರೆಯಬೇಡಿ, ಕರೆಂಟ್ ಹೋದರೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಶುರುವಾಗುತ್ತದೆ. ರಿಪೇರಿ ಏನಿದ್ದರೂ ಆ ಇಮೇಜ್‌ನ ಪ್ರತಿಯ ಮೇಲೆ.

ಟ್ಯಾಬ್ ಕೆಲಸ ಮಾಡುತ್ತದೆ, ಆದರೆ ತಪ್ಪು ಹೆಸರು ಕೊಡುತ್ತದೆ

ಎಲ್ಲಕ್ಕಿಂತ ಅಪಾಯ ಇದೇ, ಯಾಕೆಂದರೆ ಇಲ್ಲಿ ಯಾರೂ ದೂರು ಹೇಳುವುದಿಲ್ಲ. ನಿನ್ನೆ ಎಸ್‌ಡಿಬಿ ಆಗಿದ್ದ ಯುಎಸ್‌ಬಿ ಡಿಸ್ಕ್ ಕೇಬಲ್ ಅಲುಗಾಡಿ ಒಂದು ಕ್ಷಣ ಕಡಿದು ಮತ್ತೆ ಸೇರಿದೆ. ಹಳೆ ಎಸ್‌ಡಿಬಿ ಇನ್ನೂ ಮೌಂಟ್ ಆಗಿಯೇ ಇತ್ತು, ಆ ಹೆಸರು ಬಿಡಲಿಲ್ಲ, ಡಿಸ್ಕ್ ಈಗ ಎಸ್‌ಡಿಸಿ ಆಗಿ ಬಂದಿದೆ. ಟ್ಯಾಬ್ ಎರಡು ಸಲ ಒತ್ತಿದಾಗ ಎಸ್‌ಡಿಎ, ಎಸ್‌ಡಿಸಿ ಮಾತ್ರ ಕಂಡು ಎಸ್‌ಡಿಬಿ ಕಾಣದಿದ್ದರೆ ಅದೇ ಸುಳಿವು. ಡಿಎಂಇಎಸ್‌ಜಿಯಲ್ಲಿ ಯುಎಸ್‌ಬಿ ಡಿಸ್‌ಕನೆಕ್ಟ್ ಸಾಲು ಹುಡುಕಿ.

ಈಗ ಯಾರಾದರೂ ಹಿಸ್ಟರಿಯಲ್ಲಿ ಇದ್ದ, ಡಿಸ್ಕ್‌ಗೆ ನೇರ ಬರೆಯುವ ಹಳೆ ಡಿಡಿ ಸಾಲನ್ನೇ ಮೇಲಿನ ಬಾಣ ಒತ್ತಿ ತಂದು, ಒಎಫ್=/ಡೆವ್/ಎಸ್‌ಡಿಬಿ ಅಂತ ರೂಟ್ ಆಗಿ ಓಡಿಸಿದರು ಅನ್ನಿ. ಎಸ್‌ಡಿಬಿ ಇಲ್ಲ. ಎರರ್ ಬರಬೇಕಿತ್ತು, ಬರುವುದಿಲ್ಲ. ಡಿಡಿ ಡೆವ್ ಫೋಲ್ಡರ್‌ನಲ್ಲಿ ಎಸ್‌ಡಿಬಿ ಅನ್ನುವ ಹೆಸರಿನ ಮಾಮೂಲಿ ಫೈಲ್ ಹುಟ್ಟಿಸಿ ಅದಕ್ಕೆ ಬರೆಯಲು ಶುರು ಮಾಡುತ್ತದೆ. ಆ ಫೋಲ್ಡರ್ ಮೆಮೊರಿಯಲ್ಲಿದೆ ಅಂದೆನಲ್ಲ, ರ‍್ಯಾಮ್ ತಿನ್ನುತ್ತಾ ಹೋಗಿ ಕೊನೆಗೆ ಜಾಗ ಇಲ್ಲ ಅನ್ನುತ್ತದೆ. ಅಲ್ಲಿಂದ ಮುಂದೆ ಟ್ಯಾಬ್ ಕೂಡ ಎಸ್‌ಡಿಬಿ ಇದೆ ಅಂತಲೇ ತೋರಿಸುತ್ತದೆ! ಟ್ಯಾಬ್‌ಗೆ ಹೆಸರು ಮಾತ್ರ ಗೊತ್ತು. ಎಲ್‌ಎಸ್ ಮೈನಸ್ ಎಲ್ /ಡೆವ್/ಎಸ್‌ಡಿಬಿ ಮಾಡಿ ಸಾಲಿನ ಮೊದಲ ಅಕ್ಷರ ನೋಡಿ. ನಿಜವಾದ ಡಿಸ್ಕ್ ಆದರೆ ಬಿ, ಗಾತ್ರದ ಜಾಗದಲ್ಲಿ 8, 16 ಅನ್ನುವ ಜೋಡಿ ಸಂಖ್ಯೆ. ನಕಲಿ ಆದರೆ ಒಂದು ಅಡ್ಡಗೆರೆ, ಮುಂದೆ ಫೈಲ್‌ನ ಗಾತ್ರ. ನಕಲಿಯನ್ನು ಆರ್‌ಎಂ ಮಾಡಿದರೆ ಸಾಕು, ರ‍್ಯಾಮ್ ವಾಪಸ್ ಬರುತ್ತದೆ. ಎಲ್‌ಎಸ್‌ಬಿಎಲ್‌ಕೆ ಈ ನಕಲಿಗೆ ಬೀಳುವುದಿಲ್ಲ, ಅದು ಕರ್ನಲ್ ಪಟ್ಟಿ ಓದುತ್ತದೆ. ಆದ್ದರಿಂದ ಅಳಿಸುವ, ಫಾರ್ಮ್ಯಾಟ್ ಮಾಡುವ ಯಾವುದೇ ಕಮಾಂಡ್‌ಗೆ ಮುಂಚೆ ಎಲ್‌ಎಸ್‌ಬಿಎಲ್‌ಕೆ ಮೈನಸ್ ಒ ಹಾಕಿ, ಟ್ಯಾಬ್ ಎರಡು ಸಲ ಒತ್ತಿ ಕಾಲಂ ಹೆಸರುಗಳ ಪಟ್ಟಿ ತರಿಸಿ, ನೇಮ್, ಸೈಜ್, ಮಾಡೆಲ್, ಸೀರಿಯಲ್ ಆರಿಸಿ. ಡಿಸ್ಕ್ ಮೇಲಿನ ಸ್ಟಿಕ್ಕರ್‌ನಲ್ಲಿರುವ ಸೀರಿಯಲ್ ನಂಬರ್ ಜೊತೆ ತಾಳೆ ಹಾಕಿ.

ಹೆಸರು ಬದಲಾಗುವ ಗೋಳೇ ಬೇಡ ಅಂದರೆ /ಡೆವ್/ಡಿಸ್ಕ್/ಬೈ-ಐಡಿ ಒಳಗಿನ ಹೆಸರು ಬಳಸಿ, ಅದರಲ್ಲಿ ಮಾಡೆಲ್, ಸೀರಿಯಲ್ ಸೇರಿರುತ್ತದೆ, ಎಷ್ಟು ಸಲ ಕಿತ್ತು ಹಾಕಿದರೂ ಬದಲಾಗುವುದಿಲ್ಲ. ಉದ್ದ ಹೆಸರು, ಟ್ಯಾಬ್ ಇಲ್ಲದೆ ಹೊಡೆಯಲು ಆಗುವುದಿಲ್ಲ. ಇಲ್ಲಿ ಒಂದು ಕಿರಿಕಿರಿ ಇದೆ. ಯುಎಸ್‌ಬಿ ಡಿಸ್ಕ್‌ಗಳ ಹೆಸರು ಕೊನೆಗೆ ಸೊನ್ನೆ, ಕೋಲನ್, ಸೊನ್ನೆ ಅಂತ ಮುಗಿಯುತ್ತದೆ. ಕೋಲನ್ ಬಂದ ಕಡೆ ಪದ ಮುಗಿಯಿತು ಅಂತ ಬ್ಯಾಶ್ ಅಂದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಟ್ಯಾಬ್ ಒಂದೋ ಸುಮ್ಮನಾಗುತ್ತದೆ ಇಲ್ಲವೇ ಹೆಸರಿನ ತುಣುಕನ್ನು ಎರಡು ಸಲ ಅಂಟಿಸುತ್ತದೆ. ಪಾರ್ಟಿಷನ್ ನಂಬರ್ ಆ ಕೋಲನ್ ಆದಮೇಲೆಯೇ ಬರುವುದರಿಂದ ಸಿಕ್ಕಿಬೀಳುವುದು ಸರಿಯಾಗಿ ಅಲ್ಲೇ. ಪಾತ್ ಶುರು ಮಾಡುವಾಗಲೇ ಒಂದು ಸಿಂಗಲ್ ಕೋಟ್ ಹಾಕಿ, ಆಮೇಲೆ ಟ್ಯಾಬ್ ಒತ್ತುತ್ತಾ ಹೋಗಿ. ಕೋಟ್ ಒಳಗೆ ಕೋಲನ್ ಕೂಡ ಮಾಮೂಲಿ ಅಕ್ಷರ, ಹೆಸರು ಪೂರ್ತಿ ಆಗುತ್ತದೆ, ಎಂಟರ್ ಒತ್ತುವ ಮುಂಚೆ ಕೋಟ್ ಮುಚ್ಚಿದೆಯೇ ನೋಡಿಕೊಳ್ಳಿ.